ಮೇಲ್ಮನೆ ಮತ್ತು ಏಳು ಒಂಟಿ ಕಾಲುಚೀಲಗಳು

ಮನೆಗೆ ಒಂದು ಮಗು ಬಂದರೆ ಇಬ್ಬರಿದ್ದವರು ಮೂವರಾಗುತ್ತಾರೆ ಎಂದು ಹೇಳುವವರು ಯಾವತ್ತೂ ಬಟ್ಟೆ ಒಗೆದವರಲ್ಲ. ಒಗೆಯುವವರನ್ನು ಕೇಳಿದರೆ ಹನ್ನೊಂದು ಮಂದಿ ಎಂದಾರು. ಅಂಗೈಯಗಲದ ಅಂಗಿ, ಬೆರಳುದ್ದದ ಕಾಲುಚೀಲ, ಬಾಯಿ ಒರೆಸುವ ಬಟ್ಟೆ, ಬಾಯಿ ಒರೆಸುವ ಬಟ್ಟೆ ಕೈಗೆ ಸಿಗದಾಗ ಬಾಯಿ ಒರೆಸುವ ಬಟ್ಟೆ. ಒಂದೊಂದೂ ನೋಡಲು ಗುಬ್ಬಚ್ಚಿಯಷ್ಟು. ಒಟ್ಟು ಸೇರಿದರೆ ದಂಡು.

ಪುಟ್ಟಿ ಹುಟ್ಟಿ ಹತ್ತು ತಿಂಗಳಾಗಿತ್ತು. ಮನೆ ಎರಡನೆಯ ಮಹಡಿಯಲ್ಲಿ, ಒಂದೂವರೆ ಕೋಣೆ. (ಆ ಅರ್ಧವನ್ನು ಮಾಲೀಕರು ‘ಊಟದ ಹಾಲ್’ ಎಂದು ಕರೆದಿದ್ದರು. ಅಲ್ಲಿ ಇಬ್ಬರು ಊಟಕ್ಕೆ ಕೂತರೆ ಬಡಿಸುವವರು ಬಾಗಿಲಾಚೆ ನಿಲ್ಲಬೇಕು.) ಬಾಲ್ಕನಿ ಇಲ್ಲ. ತಾರಸಿಗೆ ಬೀಗ. ಕಿಟಕಿಯಾಚೆ ಬಟ್ಟೆ ನೇತುಹಾಕಬಾರದೆಂದು ಮೆಟ್ಟಿಲ ಬುಡದಲ್ಲಿ ಬೋರ್ಡು. ಹೀಗಾಗಿ ಕುರ್ಚಿಯ ಬೆನ್ನು, ಬಾಗಿಲ ಚಿಲಕ, ಸೈಕಲ್ಲಿನ ಹ್ಯಾಂಡಲ್ಲು ಎಲ್ಲವೂ ಬಟ್ಟೆ ಹೊತ್ತು ನಿಂತಿದ್ದವು. ಪುಟ್ಟಿಯ ಅಪ್ಪ ಒಂದು ದಿನ ಎರಡೂ ಕೈ ಚಾಚಿ ಆಕಳಿಸಿದ್ದೇ ತಪ್ಪಾಯಿತು. ಒಂದೊಂದು ತೋಳಿಗೂ ಒಂದೊಂದು ಒದ್ದೆ ಲಂಗೋಟಿ ಬಿತ್ತು.

“ಏನೇ ಇದು?”

“ಅಲ್ಲಾಡ್ಬೇಡಿ, ಹತ್ತು ನಿಮಿಷ. ಅಲ್ಲಿ ಫ್ಯಾನಿನ ಗಾಳಿ ಚೆನ್ನಾಗಿ ಬರುತ್ತೆ,” ಎಂದಳು ಪುಟ್ಟಿಯ ಅಮ್ಮ.

ಮಾರನೆಯ ವಾರವೇ ಆತ ಛಾವಣಿಗೆ ತೂಗುಹಾಕುವ ಬಟ್ಟೆ ಸ್ಟ್ಯಾಂಡು ತಂದ. ಆರು ಉಕ್ಕಿನ ಪೈಪು, ಪ್ರತಿ ಪೈಪಿಗೂ ಬೇರೆ ಬೇರೆ ಹಗ್ಗ, ಮೇಲೆ ಪುಟ್ಟ ಪುಟ್ಟ ರಾಟೆ, ಗೋಡೆಯಲ್ಲಿ ಹಗ್ಗ ಸುತ್ತುವ ಕೊಕ್ಕೆ. ಹಗ್ಗ ಸಡಿಲಿಸಿದರೆ ಪೈಪು ಎದೆಮಟ್ಟಕ್ಕೆ ಇಳಿಯುತ್ತದೆ. ಬಟ್ಟೆ ಹರವಿ ಎಳೆದರೆ ಛಾವಣಿಗೆ ಹೋಗಿ ಕೂರುತ್ತದೆ. ನೆಲದ ಮೇಲೆ ಒಂದು ಅಂಗುಲ ಜಾಗವೂ ಬೇಡ. ಮೊದಲ ದಿನ ಇಬ್ಬರೂ ಮಗುವನ್ನು ನಡುವೆ ಮಲಗಿಸಿಕೊಂಡು ಅಂಗಾತ ಬಿದ್ದು, ಮೇಲೆ ತೂಗುವ ಬಟ್ಟೆಗಳನ್ನು ನಕ್ಷತ್ರ ನೋಡುವ ಹಾಗೆ ನೋಡಿದರು. ಆತ ಅದಕ್ಕೆ ‘ಮೇಲ್ಮನೆ’ ಎಂದು ಹೆಸರಿಟ್ಟ. ಅಲ್ಲಿಗೆ ಹೋದದ್ದು ಯಾವಾಗ ಕೆಳಗೆ ಬರುತ್ತದೆಂದು ಯಾರೂ ಹೇಳಲಾಗದು ಎಂದು ಅವನ ಅಂಬೋಣ.

ಆದರೆ ಮೇಲ್ಮನೆಗೆ ಸಿಕ್ಕ ಅಧ್ಯಕ್ಷೆ ಸಾಮಾನ್ಯಳಲ್ಲ. ಪುಟ್ಟಿಯ ಅಮ್ಮ ರಕ್ತ ಪರೀಕ್ಷೆ ಮಾಡುವ ಲ್ಯಾಬಿನವಳು. ಅಲ್ಲಿ ಒಂದು ಸೀಸೆಯ ಚೀಟಿ ಇನ್ನೊಂದಕ್ಕೆ ಅಂಟಿದರೆ ಎಂಬತ್ತರ ಅಜ್ಜನಿಗೆ ‘ಶುಭಾಶಯ, ಮೂರು ತಿಂಗಳು’ ಎಂದು ವರದಿ ಹೋದೀತು. ಏಳು ವರ್ಷದಲ್ಲಿ ಒಂದು ಸೀಸೆಯೂ ಅವಳ ಕೈಯಲ್ಲಿ ಅದಲುಬದಲಾಗಿರಲಿಲ್ಲ. ಈ ಕೀರ್ತಿಯನ್ನು ಅವಳು ಮನೆಗೂ ತಂದಿದ್ದಳು. “ನಾನು ಮರೆಯೋಳಲ್ಲ” ಎಂಬ ಮಾತು ದಿನಕ್ಕೆ ಮೂರು ಹೊತ್ತು, ಊಟದ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಬರುತ್ತಿತ್ತು.

ಸ್ಟ್ಯಾಂಡಿನ ಜೊತೆ ಬಂದ ಚೀಟಿಯನ್ನು ಅವಳು ಪಠ್ಯಪುಸ್ತಕದಂತೆ ಓದಿದಳು. ಒಂದು ಪೈಪಿಗೆ ಇಷ್ಟೇ ತೂಕ. ಭಾರ ಎರಡೂ ಕಡೆ ಸಮ ಇರಬೇಕು. ವಾರಕ್ಕೊಮ್ಮೆ ಒಣಬಟ್ಟೆಯಲ್ಲಿ ಒರೆಸಬೇಕು. ತಿಂಗಳಿಗೊಮ್ಮೆ ರಾಟೆಗೆ ಎಣ್ಣೆ. ಹಗ್ಗ ಸವೆದಿದೆಯೇ ನೋಡಬೇಕು. ಪೈಪುಗಳಿಗೆ ಒಂದರಿಂದ ಆರರವರೆಗೆ ನಂಬರ್ ಅಂಟಿಸಿದಳು. ಕಿಟಕಿ ಪಕ್ಕದ ಒಂದು, ಎರಡು, ಮೂರು ಪುಟ್ಟಿಗೆ. ನಾಲ್ಕು ತನಗೆ ಮತ್ತು ಪುಟ್ಟಿಗೆ. ಐದು ಹಾಸಿಗೆ ಬಟ್ಟೆಗೆ. ಬಚ್ಚಲ ಬಾಗಿಲ ಮೇಲಿನ ಆರನೆಯದು, ಬಿಸಿಲು, ಗಾಳಿ, ಭರವಸೆ ಮೂರೂ ಮುಟ್ಟದ ಜಾಗ, ಗಂಡನಿಗೆ.

“ನನ್ನ ಪ್ಯಾಂಟು ಮೂರು ದಿನದಿಂದ ಒದ್ದೆ ಇದೆ ಕಣೇ.”

“ಅಂಗಡೀಲಿ ಕೂತ್ಕೊಂಡೇ ಕನ್ನಡಕ ಮಾರೋದಲ್ವಾ? ಯಾರಿಗೆ ಕಾಣುತ್ತೆ?”

ಆತ ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವವನು. ಊರಿನವರಿಗೆಲ್ಲ ದೃಷ್ಟಿ ಕೊಡುವವನಿಗೆ ಮನೆಯಲ್ಲಿ ಮೂಗಿನ ಕೆಳಗಿರುವ ಉಪ್ಪಿನ ಡಬ್ಬಿ ಕಾಣುವುದಿಲ್ಲ ಎಂಬುದು ಹೆಂಡತಿಯ ಹಳೆಯ ತಕರಾರು. ಈ ತಕರಾರನ್ನು ಅವಳು ಮುಂದೆ ಬಹಳ ಕಾಲ ಎತ್ತಲಾರದೆ ಹೋದಳು.

ಹದಿನೈದು ದಿನವಾಗಿರಬಹುದು, ಪೈಪಿನ ತುದಿಯಲ್ಲಿದ್ದ ಕಪ್ಪು ಪ್ಲಾಸ್ಟಿಕ್ ಮುಚ್ಚಳವೊಂದು ತಾನಾಗಿ ಕಳಚಿ ಚಾಪೆಯ ಮೇಲೆ ಬಿತ್ತು. ಪುಟ್ಟಿ ಅಂಬೆಗಾಲಿಕ್ಕುತ್ತ ಹೋಗಿ, ಸರಿಯಾಗಿ ತನ್ನ ಬಾಯಿಯ ಅಳತೆಗೆ ಮಾಡಿಸಿದಂತಿದ್ದ ಅದನ್ನು ಎತ್ತಿಕೊಂಡಳು. ಅಮ್ಮ ಅಡುಗೆಮನೆಯಿಂದ ಹೇಗೆ ಹಾರಿ ಬಂದಳೋ ಅವಳಿಗೇ ಗೊತ್ತಿಲ್ಲ. ಮುಚ್ಚಳ ಕಿತ್ತುಕೊಂಡ ಮೇಲೆ ಮಗುವಿಗಿಂತ ಹೆಚ್ಚು ಹೊತ್ತು ಅತ್ತವಳು ಅವಳೇ. ಅಂದೇ ಸ್ಟೂಲು ಹತ್ತಿ ಉಳಿದ ಹನ್ನೊಂದನ್ನೂ ಕಿತ್ತು ಕಸದ ಬುಟ್ಟಿಗೆ ಹಾಕಿದಳು.

“ಪೈಪಿನ ಬಾಯಿ ಹರಿತ ಇರುತ್ತೆ,” ಎಂದ ಗಂಡ. “ಬಟ್ಟೆ ಸಿಕ್ಕೊಂಡು ಹರಿಯುತ್ತೆ. ನೀರೂ ಒಳಗೆ ಹೋಗುತ್ತೆ. ಏನಾದ್ರೂ ಮುಚ್ಚಬೇಕು ಅದಕ್ಕೆ.”

“ನಾನು ನೋಡ್ಕೋತೀನಿ.”

ನೋಡಿಕೊಂಡಳು ಕೂಡ. ಆ ಮಾತು ಅಲ್ಲಿಗೆ ಮುಗಿಯಿತು.

ಈ ಹೊತ್ತಿಗೆ ಅವಳ ರಜೆ ಮುಗಿಯುತ್ತ ಬಂದಿತ್ತು. ಇನ್ನೆರಡು ವಾರಕ್ಕೆ, ಸೋಮವಾರ ಬೆಳಿಗ್ಗೆ ಎಂಟಕ್ಕೆ ಲ್ಯಾಬಿನಲ್ಲಿರಬೇಕು. ಮಗುವನ್ನು ಯಾರ ಕೈಗೆ ಕೊಡುವುದು ಎಂಬ ಚಿಂತೆಯಲ್ಲಿ ಮೈ ಸೊರಗುತ್ತಿದ್ದಾಗ ಎದುರುಮನೆಯ ದೊಡ್ಡಮ್ಮ, ಯಾರೂ ಕೇಳದೆಯೇ, “ನನ್ನ ಹತ್ರ ಬಿಡಮ್ಮ” ಎಂದಿದ್ದರು. ಒಂಟಿ ಜೀವ. ಇಪ್ಪತ್ತೊಂಬತ್ತು ವರ್ಷ ಬಸ್ ನಿಲ್ದಾಣದ ಲಗೇಜು ಕೋಣೆಯಲ್ಲಿ, ಪ್ರಯಾಣಿಕರು ಬಿಟ್ಟುಹೋದ ಗಂಟುಮೂಟೆ ಕಾಯ್ದು ನಿವೃತ್ತರಾದವರು. ಮಗುವಿಗೆ ರೂಢಿಯಾಗಲೆಂದು ಮಧ್ಯಾಹ್ನ ಎರಡರಿಂದ ಐದರವರೆಗೆ ಈಗಲೇ ಅಲ್ಲಿ ಬಿಡುವುದೆಂದಾಯಿತು. ಮೊದಲ ದಿನ ಪುಟ್ಟಿ ಅಳಲಿಲ್ಲ. ಎರಡನೆಯ ದಿನ ವಾಪಸ್ ಬರಲು ಅತ್ತಳು. ಅಮ್ಮನಿಗೆ ಸಮಾಧಾನವೂ ಆಯಿತು, ಚೂರು ಅಸೂಯೆಯೂ ಆಯಿತು. ಎರಡನ್ನೂ ಒಟ್ಟಿಗೆ ನುಂಗಿಕೊಂಡಳು.

ಕಾಲುಚೀಲಗಳು ಕಾಣೆಯಾಗತೊಡಗಿದ್ದು ಆಗಲೇ.

ಮೊದಲು ಒಂದು. ಹೋಗಲಿ, ಮಂಚದ ಕೆಳಗಿದ್ದೀತು. ಆಮೇಲೆ ಇನ್ನೊಂದು. ಎಂಟು ಹತ್ತು ದಿನದಲ್ಲಿ ಏಳು. ಅದೂ ಹೇಗೆ? ಪ್ರತಿ ಜೊತೆಯಿಂದ ಒಂದೊಂದೇ. ಉಳಿದ ಏಳು ಒಂಟಿ ಕಾಲುಚೀಲಗಳನ್ನು ಅವಳು ಮಂಚದ ಮೇಲೆ ಸಾಲಾಗಿ ಮಲಗಿಸಿ, ಶವ ಪರೀಕ್ಷೆಗೆ ಬಂದವಳಂತೆ ಸೊಂಟಕ್ಕೆ ಕೈಕೊಟ್ಟು ನಿಂತಳು.

“ಇಲಿ ಇರ್ಬಹುದು,” ಎಂದ ಗಂಡ.

“ಇಲಿಗೆ ಜೋಡಿ ಗೊತ್ತಾಗುತ್ತಾ? ಸರಿಯಾಗಿ ಒಂದೊಂದೇ ಆರಿಸ್ಕೊಂಡು ಹೋಗುತ್ತಾ?”

“ಗಾಳಿ?”

“ಕಿಟಕಿಗೆ ಬಲೆ ಇದೆ.”

“ಹಾಗಾದ್ರೆ ನೀನೇ ಎಲ್ಲೋ...”

“ನಾನು ಮರೆಯೋಳಲ್ಲ.”

ಅವಳು ಲ್ಯಾಬಿನ ಪದ್ಧತಿಯಂತೆ ಒಂದೊಂದೇ ಸಾಧ್ಯತೆ ಹೊಡೆದುಹಾಕುತ್ತ ಬಂದಳು. ತಾನು: ಅಲ್ಲ. ಗಂಡ: ಕಾಲಲ್ಲಿರುವ ಸ್ವಂತ ಕಾಲುಚೀಲವನ್ನೇ ಮನೆಯೆಲ್ಲ ಹುಡುಕುವವನು, ಪರರದ್ದನ್ನು ಕದಿಯುವ ಸಾಮರ್ಥ್ಯ ಇಲ್ಲ. ಪುಟ್ಟಿ: ಎತ್ತರ ಸಾಲದು. ಹಾಗಾದರೆ ಕಾಲುಚೀಲಗಳು ಈ ಮನೆಯಿಂದಾಚೆ ಹೋಗುವುದು ಎಲ್ಲಿಗೆ? ಒಂದೇ ಕಡೆಗೆ. ಸಂಜೆ ದೊಡ್ಡಮ್ಮ ಒದ್ದೆಯಾದ ಬಟ್ಟೆಯನ್ನೆಲ್ಲ ಚೀಲದಲ್ಲಿ ಕಟ್ಟಿ ಕೊಡುತ್ತಿದ್ದರು. ಅವಳು ನೋಡದೆ ನೇರ ಬಕೆಟ್ಟಿಗೆ ಸುರಿಯುತ್ತಿದ್ದಳು. ಅಲ್ಲಿ ಎಷ್ಟು ಬಂತು, ಯಾರು ಕಂಡರು?

“ಛೇ, ದೊಡ್ಡಮ್ಮನಾ?” ಗಂಡನಿಗೆ ನಗು. “ಅವರಿಗ್ಯಾಕೆ ಇದು? ಹೆಬ್ಬೆರಳಿಗೆ ಹಾಕ್ಕೊಳ್ಳೋಕಾ?”

“ನೆನಪಿಗೆ ಇರ್ಬಹುದು. ಒಂಟಿ ಇದಾರೆ, ಮಗು ಅಂದ್ರೆ ಆಸೆ. ನನಗೇನು ಅವರ ಮೇಲೆ ಕೋಪ ಇಲ್ಲಪ್ಪ. ಪಾಪ ಅನ್ಸುತ್ತೆ.”

“ನೆನಪಿಗೆ ಒಂದು ಸಾಕಲ್ವಾ? ಏಳು ಯಾಕೆ, ದಿನಕ್ಕೊಂದಾ?”

“ಇವತ್ತು ಸಾಕ್ಸು, ನಾಳೆ ಇನ್ನೇನೋ. ಹತ್ತು ಗಂಟೆ ಹೊತ್ತು ಮಗು ಅವರ ಕೈಯಲ್ಲಿರುತ್ತೆ ರೀ. ನಂಬಿಕೆ ಅನ್ನೋದು ಬೇಡ್ವಾ?”

ನಂಬಿಕೆ ಎಂಬ ಆ ದೊಡ್ಡ ಮಾತನ್ನು ಎಷ್ಟು ಸಲೀಸಾಗಿ ಆಡಿದಳೆಂದು ನೆನೆದರೆ ಈಗಲೂ ಅವಳ ಕಿವಿ ಬಿಸಿಯಾಗುತ್ತದೆ.

ರಜೆಯ ಕೊನೆಯ ಗುರುವಾರ. ಎರಡು ಗಂಟೆಗೆ ಪುಟ್ಟಿಯನ್ನು ಕರೆದುಕೊಂಡು ಹೋದವಳು ಎಂದಿನಂತೆ ಬಾಗಿಲಲ್ಲೇ ಒಪ್ಪಿಸಿ ಬರಲಿಲ್ಲ. ಒಳಗೆ ಹೋಗಿ ಕುರ್ಚಿಯಲ್ಲಿ ಕೂತಳು. “ಕೂತ್ಕೋಮ್ಮ, ಹಾಲಿಟ್ಟಿದೀನಿ, ಉಕ್ಕಿಬಿಡುತ್ತೆ,” ಎಂದು ದೊಡ್ಡಮ್ಮ ಅಡುಗೆಮನೆಗೆ ಹೋದರು. ಪುಟ್ಟಿ ಚಾಪೆಯ ಮೇಲೆ ಚಮಚ ಬಡಿಯುತ್ತಿದ್ದಳು. ಮೇಜಿನ ಮೇಲೆ ಬಿಸ್ಕತ್ತಿನ ತಗಡಿನ ಡಬ್ಬಿ ಇತ್ತು. ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಎಂದೂ ಬಿಸ್ಕತ್ತು ಇರುವುದಿಲ್ಲ, ಸೂಜಿದಾರ ಇರುತ್ತದೆ ಎಂಬುದು ಹೆಂಗಸಾದ ಅವಳಿಗೆ ತಿಳಿದೇ ಇತ್ತು. ಆದರೆ ಸೂಜಿದಾರದ ಅಡಿಯಲ್ಲಿ?

ಅವಳು ಮುಚ್ಚಳ ತೆಗೆದಳು.

(ಓದುಗರೇ, ಅವಳಿಗೆ ಆಗಲೇ ನಾಚಿಕೆಯಾಗಿತ್ತು. ಕೈ ಮಾತ್ರ ನಿಲ್ಲಲಿಲ್ಲ.)

ದಾರದ ಉಂಡೆ, ಗುಂಡಿ, ಕತ್ತರಿ. ಎಲ್ಲದರ ಕೆಳಗೆ ಒಂದು ಪುಟ್ಟ ನೋಟ್‌ಬುಕ್ಕು. ತೆರೆದಳು. ದಪ್ಪ ದಪ್ಪ ಅಕ್ಷರ: ‘ಎರಡು ಗಂಟೆ ಐದು ನಿಮಿಷ. ಮಗು ಬಂತು. ಅಂಗಿ ೨, ಚಡ್ಡಿ ೩, ಟೋಪಿ ೧, ಸಾಕ್ಸ್ ೨. ಎರಡೂ ನಲವತ್ತು, ನಿದ್ದೆ. ಎಬ್ಬಿಸಲಿಲ್ಲ. ನಾಲ್ಕಕ್ಕೆ ಎದ್ದಳು, ನಕ್ಕಳು. ಐದು ಗಂಟೆ. ಮಗು ಹೋಯಿತು. ಅಂಗಿ ೨, ಚಡ್ಡಿ ೩, ಟೋಪಿ ೧, ಸಾಕ್ಸ್ ೨.’ ಪುಟ ತಿರುವಿದಳು. ಮರುದಿನ, ಅದರ ಮರುದಿನ. ಸಾಕ್ಸ್ ೨ ಬಂತು, ಸಾಕ್ಸ್ ೨ ಹೋಯಿತು. ಒಂದು ಪುಟದ ಅಂಚಿನಲ್ಲಿ, ‘ಇವತ್ತು ನನ್ನ ಬೆರಳು ಹಿಡಿದು ಎದ್ದು ನಿಂತಳು. ಅಮ್ಮನಿಗೆ ಹೇಳಬಾರದು. ಮೊದಲ ಸಲ ನೋಡಿದ್ದು ತಾನೇ ಅಂದುಕೊಳ್ಳಲಿ.’

ಅವಳು ಆ ಸಾಲನ್ನು ಎರಡು ಸಲ ಓದಿದಳು. ಎರಡನೆಯ ಸಲ ಮುಗಿಯುವಾಗ ಬಾಗಿಲಲ್ಲಿ ಲೋಟ ಹಿಡಿದು ನಿಂತ ದೊಡ್ಡಮ್ಮ ಕಂಡರು.

“ಏನು ಹುಡುಕ್ತಿದೀಯಮ್ಮ?”

“ಸೂ... ಸೂಜಿ, ದೊಡ್ಡಮ್ಮ.”

“ಸೂಜಿ ಮೇಲೇ ಇದೆಯಲ್ಲ. ನೀನು ತಳಕ್ಕೆ ಹೋಗಿದೀಯ.”

ಸುಳ್ಳು ಹೇಳಿ ಅಭ್ಯಾಸವಿಲ್ಲದವರು ಸುಳ್ಳು ಹೇಳಲೇಬಾರದು. ಸಿಕ್ಕಿಬಿದ್ದ ಗಾಬರಿಯಲ್ಲಿ ಬೇಡದಷ್ಟು ನಿಜ ಹೇಳಿಬಿಡುತ್ತಾರೆ. “ಪುಟ್ಟಿ ಸಾಕ್ಸು... ಏಳು... ಒಂದೊಂದೇ... ನಾನೇನೂ ತಪ್ಪು ತಿಳ್ಕೊಂಡಿಲ್ಲ ದೊಡ್ಡಮ್ಮ, ಪ್ರೀತಿಗೇ ಅಂತ...”

ದೊಡ್ಡಮ್ಮ ಲೋಟ ಮೇಜಿನ ಮೇಲಿಟ್ಟರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

“ಇಪ್ಪತ್ತೊಂಬತ್ತು ವರ್ಷ,” ಎಂದರು ಮೆಲ್ಲಗೆ. “ಕೊಡೆ, ಟ್ರಂಕು, ಹಲ್ಲಿನ ಸೆಟ್ಟು, ಏನೇನು ಬಿಟ್ಟು ಹೋಗೋರು ಗೊತ್ತಾ ಜನ? ಒಂದ್ಸಲ ಒಬ್ಬ ಬುಟ್ಟೀಲಿ ಕೋಳಿ ಇಟ್ಟು ಹೋದ. ಎರಡು ದಿನ ಬರ್ಲಿಲ್ಲ. ಬಂದ ಮೇಲೆ ಕೋಳೀನೂ ಕೊಟ್ಟೆ, ಅದು ಇಟ್ಟ ಮೊಟ್ಟೆನೂ ಕೊಟ್ಟೆ.”

“ದೊಡ್ಡಮ್ಮ...”

“ಸೋಮವಾರದಿಂದ ಬೇರೆ ಯಾರನ್ನಾದ್ರೂ ನೋಡ್ಕೋಮ್ಮ. ಅನುಮಾನ ಇಟ್ಕೊಂಡು ಮಗು ಕೊಡ್ಬಾರ್ದು. ನಾನೂ ತಗೋಬಾರ್ದು.”

ಚಾಪೆಯ ಮೇಲಿದ್ದ ಪುಟ್ಟಿಯನ್ನು ಎತ್ತಿ ಅಮ್ಮನ ತೋಳಿಗೆ ಕೊಟ್ಟರು. ಟೋಪಿ ಕೊಟ್ಟರು. ಬಗ್ಗಿ, ಮಗುವಿನ ಎರಡೂ ಕಾಲುಚೀಲವನ್ನು ಎಳೆದು ಸರಿಮಾಡಿ, ಒಂದಾದ ಮೇಲೊಂದು ತೋರಿಸಿದರು.

ಆಮೇಲಿನ ಎರಡು ದಿನ ಹೇಗೆ ಹೋಯಿತೆಂದು ಕೇಳಬೇಡಿ. ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರದವರು ಹೆಸರು ಬರೆದುಕೊಂಡು “ಮುಂದಿನ ವರ್ಷ ಜಾಗ ಆಗ್ಬಹುದು” ಎಂದರು. ಅಷ್ಟರಲ್ಲಿ ಪುಟ್ಟಿ ತಾನೇ ನಡೆದು ಹೋಗಿ ಸೇರಿಕೊಂಡಾಳು. ಪುಟ್ಟಿಯ ಅಜ್ಜಿಯನ್ನು ಕರೆಸೋಣವೆಂದರೆ ಅವರಿಗೆ ಮಂಡಿನೋವು. ಲ್ಯಾಬಿನ ಮೇಡಂ ಫೋನು ಮಾಡಿ, “ಸೋಮವಾರ ಬರ್ತೀರಲ್ಲ? ಇನ್ನೂ ರಜೆ ಅಂದ್ರೆ ನಿಮ್ಮ ಜಾಗಕ್ಕೆ ಬೇರೆಯವರನ್ನ ತಗೋಬೇಕಾಗುತ್ತೆ ನೋಡಿ” ಎಂದರು. “ಬರ್ತೀನಿ ಮೇಡಂ” ಎಂದಳು, ಎಲ್ಲಿಂದಲೋ ಬಂದ ದನಿಯಲ್ಲಿ. ಇಷ್ಟು ಸಾಲದೆಂಬಂತೆ ಶನಿವಾರ ಮೆಟ್ಟಿಲಲ್ಲಿ ದೊಡ್ಡಮ್ಮ ಎದುರಾದರು. ಪುಟ್ಟಿ ಎರಡೂ ಕೈ ಚಾಚಿ ಅಮ್ಮನ ಸೊಂಟದಿಂದ ಅತ್ತ ಹಾರಿದಳು. ದೊಡ್ಡಮ್ಮ ಅವಳ ಪಾದ ಒಮ್ಮೆ ಸವರಿ ಕೆಳಗಿಳಿದು ಹೋದರು. ಮಗು ಅತ್ತಿತು. ಅಮ್ಮ ನೆಲ ನೋಡಿದಳು.

ಆದರೂ ಮನಸ್ಸಿನ ಮೂಲೆಯಲ್ಲಿ ಲ್ಯಾಬಿನವಳು ಸುಮ್ಮನಾಗಿರಲಿಲ್ಲ. “ದೊಡ್ಡಮ್ಮ ಅಲ್ಲ, ಒಪ್ಕೊಂಡೆ. ಹಾಗಾದ್ರೆ ಎಲ್ಲಿ ಹೋಯ್ತು ಹೇಳಿ! ಸಾಕ್ಸಿಗೆ ಕಾಲು ಬರುತ್ತಾ?”

“ಕಾಲಿಗೆ ಸಾಕ್ಸು ಬರುತ್ತೆ. ಉಲ್ಟಾ ನನಗೆ ಗೊತ್ತಿಲ್ಲ,” ಎಂದ ಗಂಡ ಪತ್ರಿಕೆಯ ಹಿಂದಿನಿಂದ.

ಭಾನುವಾರ ಬೆಳಿಗ್ಗೆ ಅವಳಿಗೆ ಏನಾದರೂ ಒಂದು ಕೆಲಸ ಬೇಕಾಗಿತ್ತು. ಕೈ ಖಾಲಿಯಿದ್ದರೆ ಆ ನೋಟ್‌ಬುಕ್ಕಿನ ಸಾಲು ಕಣ್ಣೆದುರು ಬರುತ್ತಿತ್ತು. ಮೇಲ್ಮನೆಯ ರಾಟೆಗಳು ಕಿರ್ರೆನ್ನತೊಡಗಿದ್ದವು. ತಿಂಗಳ ಎಣ್ಣೆಯ ದಿನ. ಗಂಡ ಸ್ಟೂಲಿನ ಮೇಲೆ, ಅಂಗಡಿಯಿಂದ ತಂದ, ಕನ್ನಡಕದ ಸ್ಕ್ರೂಗೆ ಹಾಕುವ ಎಣ್ಣೆಯ ಬಾಟಲಿ ಹಿಡಿದು. ಅವಳು ಕೆಳಗೆ, ಹಗ್ಗ ಹಿಡಿದು. ಪುಟ್ಟಿ ಮಂಚದ ಮೇಲೆ, ದಿಂಬುಗಳ ಕೋಟೆಯಲ್ಲಿ.

“ಇದರ ಬಲಗಡೆ ಭಾರ ಜಾಸ್ತಿ ಇದೆಯಲ್ಲೇ. ಬಟ್ಟೇನೇ ಇಲ್ಲ, ಆದ್ರೂ ವಾಲ್ತಿದೆ.”

“ಹಗ್ಗ ಜಾರಿರ್ಬೇಕು. ಮೆಲ್ಲಗೆ.”

ಆತ ಪೈಪಿನ ತುದಿ ಹಿಡಿದು ಅಲ್ಲಾಡಿಸಿದ. ಬೆರಳಿಗೆ ಮೆತ್ತಗೆ ಏನೋ ಸಿಕ್ಕಿತು. ಎಳೆದ. ಬಿಲದಿಂದ ಇಲಿಯ ಬಾಲ ಬಂದ ಹಾಗೆ ಬಂತು: ಒದ್ದೆ, ಮುದ್ದೆ, ಬಾಯಿಯ ಸುತ್ತ ತುಕ್ಕಿನ ಬಳೆ ತೊಟ್ಟ ಒಂದು ಬಿಳಿ ಕಾಲುಚೀಲ.

ಇಬ್ಬರೂ ಅದನ್ನೇ ನೋಡಿದರು.

ಆತ ಮುಂದಿನ ಪೈಪಿಗೆ ಬೆರಳು ಹಾಕಿದ. ಇನ್ನೊಂದು, ಹಳದಿ. ಆಮೇಲೆ ಮೂರನೆಯ ಪೈಪಿನ ಎರಡೂ ತುದಿಯಿಂದ ಒಂದೊಂದು. ಒಟ್ಟು ಏಳು. ಜಾದೂಗಾರ ಟೋಪಿಯೊಳಗಿಂದ ಕರವಸ್ತ್ರ ಎಳೆದಂತೆ ಎಳೆದೆಳೆದು ಹೆಂಡತಿಯ ಭುಜದ ಮೇಲೆ ಹಾಕುತ್ತ ಹೋದ. ಪುಟ್ಟಿ ಕೈ ತಟ್ಟಿದಳು.

“ನೀವೇ!” ಎಂದು ಸಿಡಿದಳು ಅವಳು. “ನೀವೇ ತುರುಕಿದ್ದು! ನಿಮ್ಮ ಬುದ್ಧಿ ಗೊತ್ತಿಲ್ವಾ ನನಗೆ? ಪೈಪಿನ ಬಾಯಿ ಮುಚ್ಚಬೇಕು ಅಂದೋರು ಯಾರು? ಮಗು ಸಾಕ್ಸೇ ಸಿಕ್ತಾ? ನಿಮ್ಮಿಂದ ನಾನು ಆ ಹಿರಿಯ ಜೀವಕ್ಕೆ...”

ಗಂಡ ಸ್ಟೂಲಿನ ಮೇಲೆ ನಿಂತೇ ಇದ್ದ. ಅವನು ಬೊಟ್ಟುಮಾಡಿದ್ದು ಮೊದಲನೆಯ ಪೈಪಿನ ನಂಬರ್ ಚೀಟಿಯನ್ನು. ಅದರ ಪಕ್ಕದಲ್ಲಿ ಅವಳದೇ ಸಣ್ಣ, ಸುಂದರ, ತಪ್ಪೇ ಆಗದ ಅಕ್ಷರದಲ್ಲಿ ಒಂದು ಪದ ಇತ್ತು: ‘ಸದ್ಯಕ್ಕೆ.’

ಆಗ ನೆನಪಾಯಿತು. ಒಂದೇ ಸಲಕ್ಕೆ ಅಲ್ಲ, ಒಂದೊಂದಾಗಿ; ಒಂದೊಂದೂ ಒಂದೊಂದು ಪೆಟ್ಟಿನಂತೆ. ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಒಂದೇ ಕೈಯಲ್ಲಿ ಬಟ್ಟೆ ಹರವುತ್ತಿದ್ದ ಬೆಳಿಗ್ಗೆ ಪೈಪಿನ ಹರಿತ ಬಾಯಿ ಪುಟ್ಟಿಯ ಹೊದಿಕೆಗೆ ಸಿಕ್ಕಿ ದಾರ ಎಳೆದದ್ದು. ಕೈಯಲ್ಲಿದ್ದ ಒದ್ದೆ ಕಾಲುಚೀಲವನ್ನು ‘ಸದ್ಯಕ್ಕೆ’ ಎಂದು ಒಳಗೆ ತುರುಕಿದ್ದು, ಮರೆಯಬಾರದೆಂದು ಚೀಟಿಯಲ್ಲಿ ಬರೆದದ್ದು. ಮರುದಿನ ಇನ್ನೊಂದು ತುದಿ ತನ್ನ ತೋಳು ಗೀರಿದ್ದು, ಸದ್ಯಕ್ಕೆ. ಅಷ್ಟರಲ್ಲಿ ಹಾಲು ಉಕ್ಕಿದ್ದು, ಅಥವಾ ಮಗು ಉಗುಳಿದ್ದು, ಅಥವಾ ಬಾಗಿಲು ಬಡಿದದ್ದು. ಆಮೇಲೆ ಪೈಪಿನ ಬಾಯಲ್ಲಿ ಚೂರು ಬಟ್ಟೆ ಇಣುಕುವುದು ದಿನವೂ ಕಣ್ಣಿಗೆ ಬೀಳುತ್ತಿತ್ತು. ದಿನವೂ ಬಿದ್ದದ್ದರಿಂದ ಕಾಣುವುದೇ ನಿಂತಿತು.

ಅವಳು ಮಂಚದ ಅಂಚಿನಲ್ಲಿ ಕೂತಳು. ಭುಜದ ಮೇಲೆ ಏಳು ಕಾಲುಚೀಲ, ಯಾವುದೋ ದೊಡ್ಡ ಪದವಿಯ ಲಾಂಛನದ ಹಾಗೆ.

“ಸಿಕ್ತಲ್ಲ, ಬಿಡು,” ಎಂದ ಗಂಡ.

“ಬೈರಿ ನನ್ನ.”

“ಬೈಬಹುದು. ಆದ್ರೆ ನೀನು ಮರೆಯೋಳಲ್ವಲ್ಲ, ನಿನ್ನನ್ನ ನೀನೇ ಆಗಾಗ ಬೈಕೋತಿರ್ತೀಯ, ನನಗ್ಯಾಕೆ ಆ ಕೆಲಸ.” ಸ್ಟೂಲಿನಿಂದ ಇಳಿದು ಮತ್ತೆ ಹೇಳಿದ: “ನಾನೂ ಬರ್ಲಾ ಎದುರುಮನೆಗೆ?”

“ಬೇಡ.”

“ಒಳ್ಳೇದು,” ಎಂದ, ತುಸು ಬೇಗನೇ.

ಎರಡು ಬಾಗಿಲ ನಡುವೆ ನಾಲ್ಕು ಹೆಜ್ಜೆ. ಆ ನಾಲ್ಕು ಹೆಜ್ಜೆಯಲ್ಲಿ ಅವಳು ಒಂದು ಭಾಷಣ ಕಟ್ಟಿದ್ದಳು: ತಿಳಿಯದೆ ಆದ ಪ್ರಮಾದ, ಎಳೆ ಮಗುವಿನ ತಾಯಿಯ ನಿದ್ದೆಗೇಡಿನ ಬದುಕು, ಇತ್ಯಾದಿ. ಬಾಗಿಲು ತೆರೆಯಿತು. ದೊಡ್ಡಮ್ಮ ನಿಂತಿದ್ದರು. ಭಾಷಣ ಎಲ್ಲಿ ಹೋಯಿತೋ. ಅವಳು ಎರಡೂ ಕೈಯಲ್ಲಿ ಹಿಡಿದಿದ್ದ ಒದ್ದೆ ಮುದ್ದೆಯನ್ನು ಮುಂದೆ ಚಾಚಿದಳು, ಅಷ್ಟೆ.

ದೊಡ್ಡಮ್ಮ ಕನ್ನಡಕ ಏರಿಸಿ ಒಂದೊಂದನ್ನೇ ಎತ್ತಿ ನೋಡಿದರು. “ಏಳು. ಎಲ್ಲಿತ್ತು?”

“ಬಟ್ಟೆ ಒಣಗಿಸೋ ಪೈಪಿನೊಳಗೆ.”

“ಯಾರಿಟ್ಟಿದ್ದು?”

ಮೇಲಿನ ಮಹಡಿಯಲ್ಲಿ ಯಾರೋ ಪೊರಕೆ ಆಡಿಸುವುದನ್ನು ನಿಲ್ಲಿಸಿದ ಹಾಗಾಯಿತು. “ನಾನೇ, ದೊಡ್ಡಮ್ಮ.”

“ಏಳು ಸಲಾನೂ?”

“ಏಳು ಸಲಾನೂ. ಬರೆದೂ ಇಟ್ಟಿದ್ದೆ.” ಅಲ್ಲಿಂದಾಚೆ ಅಳು ತಡೆಯಲಾಗಲಿಲ್ಲ. “ನೀವು ಬರೆದಿದ್ದನ್ನ ಓದ್ದೆ. ಅವಳು ಎದ್ದು ನಿಂತಿದ್ದು. ನನಗೆ ಅದನ್ನ ನೋಡೋ ಯೋಗ್ಯತೆ ಇಲ್ಲ ಅನ್ಸಿತು. ನಾಳೆ ಕೆಲಸ ಹೋದ್ರೂ ಹೋಗ್ಲಿ, ನೀವು ಮಗು ಇಟ್ಕೊಳ್ಳಿ ಅಂತ ಕೇಳೋಕೆ ಬಂದಿಲ್ಲ. ತಪ್ಪಾಯ್ತು ಅಂತ ಹೇಳೋಕೆ ಬಂದೆ.”

ದೊಡ್ಡಮ್ಮ ಏಳು ಕಾಲುಚೀಲವನ್ನೂ ಅವಳ ಕೈಗೇ ಹಿಂತಿರುಗಿಸಿದರು. “ತುಕ್ಕಿನ ಕಲೆ ಸುಲಭಕ್ಕೆ ಹೋಗಲ್ಲ. ನಿಂಬೆರಸ ಹಚ್ಚಿ ನೋಡು,” ಎಂದರು. ಬಾಗಿಲು ಮುಚ್ಚುತ್ತಿದ್ದವರು ನಿಂತರು. “ಲ್ಯಾಬು ಎಷ್ಟು ಗಂಟೆಗೆ?”

“ಎಂಟಕ್ಕೆ.”

“ಏಳಕ್ಕೆ ಕರ್ಕೊಂಡು ಬಾ. ಆದ್ರೆ ಇನ್ಮೇಲೆ ನಮ್ಮ ಲಗೇಜು ಕೋಣೆ ಕ್ರಮದಲ್ಲೇ. ಒಪ್ಪಿಗೆನಾ?”

ಅವಳು ಯಾವುದಕ್ಕೆ ಬೇಕಾದರೂ ಒಪ್ಪುವ ಸ್ಥಿತಿಯಲ್ಲಿದ್ದಳು. ಒಪ್ಪಿದಳು.

ಸೋಮವಾರ ಬೆಳಿಗ್ಗೆ ಏಳಕ್ಕೆ ಬಾಗಿಲು ತೆರೆದರೆ ದೊಡ್ಡಮ್ಮ ಹೊಸ್ತಿಲಾಚೆಯೇ, ಮೆಟ್ಟಿಲ ಜಗಲಿಯಲ್ಲಿ, ಒಂದು ಪುಟ್ಟ ಮೇಜು ಹಾಕಿಕೊಂಡು ಕೂತಿದ್ದಾರೆ. ಮೇಜಿನ ಮೇಲೆ ಹೊಸ ರಿಜಿಸ್ಟರು, ಸ್ಕೇಲು, ಪೆನ್ನು. ಅದು ಎಲ್ಲರೂ ಕೆಲಸಕ್ಕೆ, ಶಾಲೆಗೆ ಇಳಿಯುವ ಹೊತ್ತು. ಮೇಲಿನ ಮಹಡಿಯ ಮೇಷ್ಟ್ರು, ಅವರ ಹಿಂದೆ ಇಬ್ಬರು ಮಕ್ಕಳು, ನರ್ಸು, ಎಲ್ಲರೂ ದಾರಿಗಾಗಿ ನಿಂತರು. ನಾಲ್ಕು ಮಹಡಿಯ ಮೆಟ್ಟಿಲುಸಾಲು ಬಾವಿಯ ಹಾಗೆ. ಪಿಸುಗುಟ್ಟಿದರೂ ತಳ ಮುಟ್ಟುತ್ತದೆ. ದೊಡ್ಡಮ್ಮ ಪಿಸುಗುಟ್ಟಲಿಲ್ಲ. ಬಸ್ಸಿನ ಗದ್ದಲವನ್ನು ಮೀರಿ ಇಪ್ಪತ್ತೊಂಬತ್ತು ವರ್ಷ ಕೂಗಿದ ಕಂಠ ಅದು.

“ಮಗು, ಒಂದು!”

“ಒಂದು,” ಎಂದಳು ಅವಳು.

“ಸ್ಥಿತಿ: ಚೆನ್ನಾಗಿದೆ. ಮೂಗು ಸೋರ್ತಿದೆ. ಅಂಗಿ ಒಂದು! ಚಡ್ಡಿ ಒಂದು, ಬದಲಿಗೆ ನಾಲ್ಕು! ಟೋಪಿ ಒಂದು! ಸಾಕ್ಸು...” ದೊಡ್ಡಮ್ಮ ಪೆನ್ನು ಎತ್ತಿ ಹಿಡಿದರು. “ಎಷ್ಟಮ್ಮ?”

“ಎರಡು, ದೊಡ್ಡಮ್ಮ.”

“ಕೇಳಿಸ್ಲಿಲ್ಲ.”

“ಎರಡು!”

ದೊಡ್ಡಮ್ಮ ಹೊದಿಕೆ ಸರಿಸಿದರು. ಎಡಗಾಲಲ್ಲಿ ಹಳದಿ ಕಾಲುಚೀಲ. ಬಲಗಾಲು, ಐದೂ ಬೆರಳು ಅಗಲಿಸಿಕೊಂಡು, ಬರಿದಾಗಿ ಗಾಳಿಯಲ್ಲಿ ಆಡುತ್ತಿತ್ತು.

ಮೆಟ್ಟಿಲುಸಾಲು ಉಸಿರು ಹಿಡಿಯಿತು. ಅವಳ ಕಣ್ಣು ಅಭ್ಯಾಸಬಲದಿಂದ ಹಿಂದೆ, ಬಾಗಿಲಲ್ಲಿ ನಿಂತ ಗಂಡನತ್ತ ಹೊರಳಿತು. ಆತ ಎರಡೂ ಅಂಗೈ ತೆರೆದು ತೋರಿಸಿದ, ಖಾಲಿ. ಕಣ್ಣು ಮರಳಿ ಬಂತು. ಮುಖ ಕೆಂಡವಾಯಿತು. ಏಳು ವರ್ಷ ಒಂದು ಸೀಸೆಯೂ ತಪ್ಪದವಳು ದೀರ್ಘವಾಗಿ ಉಸಿರೆಳೆದು, ನಾಲ್ಕೂ ಮಹಡಿಗೆ ಕೇಳುವಂತೆ ಹೇಳಿದಳು:

“ಒಂದೇ ಇದೆ. ಇನ್ನೊಂದು ನನ್ನಿಂದಾನೇ ಎಲ್ಲೋ ಹೋಗಿದೆ. ಸಂಜೆಯೊಳಗೆ ಹುಡುಕಿ ಒಪ್ಪಿಸ್ತೀನಿ.”

“ಹಾಗೆ ಹೇಳು,” ಎಂದು ದೊಡ್ಡಮ್ಮ ಹಾಗೆಯೇ ಬರೆದುಕೊಂಡರು. “ಇಲ್ಲಿ ಸಹಿ.”

ಸಹಿ ಹಾಕಿದಳು. ದೊಡ್ಡಮ್ಮ ಮಗುವನ್ನು ಎತ್ತಿಕೊಂಡು ಬರಿಗಾಲನ್ನು ಅಂಗೈಯಲ್ಲಿ ಮುಚ್ಚಿಕೊಂಡರು. “ಹೋಗು, ಹೊತ್ತಾಯ್ತು. ಬೆಚ್ಚಗಿರ್ತಾಳೆ.” ಪುಟ್ಟಿ ಅಮ್ಮನ ಕಡೆ ತಿರುಗಿಯೂ ನೋಡಲಿಲ್ಲ, ಪೆನ್ನಿಗೆ ಕೈ ಹಾಕಿದ್ದಳು.

ಅವಳು ತಲೆ ತಗ್ಗಿಸಿ ಇಳಿದಳು. ಮೇಷ್ಟ್ರು ಕೆಮ್ಮಿ ದಾರಿ ಬಿಟ್ಟರು. ಮೊದಲ ಮಹಡಿಯಲ್ಲಿ, ಹಿಂದೆಯೇ ಇಳಿದು ಬಂದ ನರ್ಸು ನಗು ನುಂಗಿಕೊಂಡು, “ಹೊದಿಕೆ ಮಡಿಕೆಯೊಳಗೆ ನೋಡಿ, ನಮ್ಮನೇಲಿ ಯಾವಾಗ್ಲೂ ಅಲ್ಲೇ” ಎಂದಳು. ನೆಲಮಹಡಿಯಲ್ಲಿ, ಎರಡು ವರ್ಷದಿಂದ ಇವಳೊಡನೆ ಒಂದು ಮಾತೂ ಆಡಿರದ ಮುದುಕರೊಬ್ಬರು ಬಾಗಿಲಲ್ಲಿ ಕೂತು ಪತ್ರಿಕೆ ಓದುತ್ತಿದ್ದರು. ಇವಳು ಬೇಗ ಬೇಗ ದಾಟಿ ಹೋಗುವುದರಲ್ಲಿದ್ದಳು. ಅವರು ಪುಟ ತಿರುವಿ, ತಲೆಯೆತ್ತದೆ ಕೇಳಿದರು:

“ಎಡಗಾಲಿಂದೇನಮ್ಮ, ಬಲಗಾಲಿಂದಾ?”

ಅವಳು ನಿಂತಳು. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ.

“ಬಲಗಾಲಿಂದು ತಾತ,” ಎಂದಳು. “ಹಳದಿ. ಕಂಡ್ರೆ ದಯವಿಟ್ಟು ಹೇಳಿ.”